ಗಂಗಾವತಿಯ ಚೀಲ ಆಕಾಶಕ್ಕೆ ಹೋದ ವರ್ಷ

ಮೊನ್ನೆ ಕೊಪ್ಪಳದ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯೊಂದಕ್ಕೆ ನಮ್ಮ ಯಜಮಾನರಿಗೆ ರೇನ್‌ಕೋಟ್ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಹರಿದು, ಮಡಿಕೆ ಬಿಡಿಸಿ, ಫಟ್ಟನೆ ಕೊಡವಿದ. ಹೊಸ ಬಟ್ಟೆಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಅಂಗಡಿಯಲ್ಲಿ ಇರಲೇ ಇಲ್ಲ. ಗಂಗಾವತಿಯ ನನ್ನ ಹೊಲಿಗೆ ಶೆಡ್ಡಿನಲ್ಲಿದ್ದೆ. ಬಿಳಿ ಬಟ್ಟೆಯ ಥಾನುಗಳು, ತಲೆಗೆ ಟೊಪ್ಪಿಗೆ ಹಾಕಿಕೊಂಡು ಒಬ್ಬರನ್ನೊಬ್ಬರು ನೋಡಿ ನಗುವ ಹೆಂಗಸರು, ಹೊರಗೆ ಕಾಲುವೆಯಲ್ಲಿ ಹೊಸ ನೀರಿನ ಸದ್ದು.

“ಏನ್ರಿ ಅಕ್ಕಾರ, ಸೈಜ್ ಸರಿ ಆಗಂಗಿಲ್ಲೇನ್ರಿ?” ಎಂದು ಅಂಗಡಿಯವನು ಕೇಳಿದ. ನಾನು ಒಬ್ಬಳೇ ನಗುತ್ತಾ ನಿಂತಿದ್ದೆ.

“ನಂಬತೀಯೋ ಇಲ್ಲೋ ತಮ್ಮಾ, ಇಂಥಾದ ವಾಸನಿ ಬಟ್ಟಿ ಹೊಲದು ನಾವು ಆಕಾಶಕ್ಕ ಕಳಿಸೇವಿ” ಎಂದೆ. ಪಾಪ, ಅವನು ಸುಮ್ಮನೆ ಇನ್ನೊಂದು ಬಣ್ಣದ್ದು ತೆಗೆದು ತೋರಿಸಿದ.

ಅವನದೇನು ತಪ್ಪು? ಯಜಮಾನರಿಗೆ ಕೊಪ್ಪಳದ ಕೋರ್ಟಿಗೆ ವರ್ಗವಾಗಿ ನಾವು ಇಲ್ಲಿಗೆ ಬಂದ ಮೇಲೆ ಈ ಸಂಗತಿ ಹೇಳಿದಲ್ಲೆಲ್ಲ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಯಜಮಾನರ ಮುಖ ನೋಡುತ್ತಾರೆ. ಅವರು ಕೋರ್ಟಿನ ಗುಮಾಸ್ತರು, ಸಾಕ್ಷಿ ಇಲ್ಲದೆ ಬಾಯಿ ಬಿಡುವವರಲ್ಲ. “ಖರೇನ ಐತ್ರಿ” ಎಂದು ಅವರು ತಲೆಯಾಡಿಸಿದ ಮೇಲೆಯೇ ಕೇಳಿದವರಿಗೆ ಸಮಾಧಾನ. ಪ್ರತಿ ಸಲ ಅವರನ್ನು ಸಾಕ್ಷಿಗೆ ಎಳೆಯುವ ಬದಲು ಬರೆದೇ ಇಡುವುದು ಛಲೋ ಎನ್ನಿಸಿತು.

ಆ ವರ್ಷ ಎಂದರೆ ಜನವರಿಯಿಂದ ಡಿಸೆಂಬರಿನವರೆಗಿನದಲ್ಲ. ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಶುರುವಾಗಿ, ಮರುವರ್ಷ ಮತ್ತೆ ನೀರು ಬಿಟ್ಟು ನಾಟಿ ಹತ್ತುವ ಹೊತ್ತಿಗೆ ಮುಗಿದದ್ದು. ಭತ್ತದ ಸೀಮೆಯಲ್ಲಿ ನಾವು ವರ್ಷವನ್ನು ಅಳೆಯುವುದೇ ಹಾಗೆ. ಸಿದ್ದಾಪುರಕ್ಕೆ ಹೋಗುವ ರಸ್ತೆಯಲ್ಲಿ, ಅಕ್ಕಿ ಗಿರಣಿಯೊಂದರ ಗೋಡೆಗೆ ಆತುಕೊಂಡಿದ್ದ ತಗಡಿನ ಶೆಡ್ಡು ನನ್ನದು. ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವುದು ನಮ್ಮ ಕೆಲಸ. ಶಾಲೆ ಶುರುವಾಗುವವರೆಗೆ ಉಸಿರಾಡಲು ಪುರಸೊತ್ತಿರುತ್ತಿರಲಿಲ್ಲ. ಶುರುವಾದ ಮೇಲೆ ನೊಣ ಹೊಡೆಯುತ್ತಾ ಕೂಡಬೇಕು. ಆ ಖಾಲಿ ದಿನಗಳಲ್ಲಿ ಸುತ್ತಲಿನ ಹೆಂಗಸರು ಹಳೆಯ ಸೀರೆ ತಂದು ಶೆಡ್ಡಿನ ತಂಪಿನಲ್ಲಿ ಕೌದಿ ಹೊಲಿಯುತ್ತಿದ್ದರು. ಅವರಿಗೆಲ್ಲ ಹಿರಿಯಳು ಹುಲಿಗೆವ್ವ. ತಲೆ ಪೂರ್ತಿ ನರೆತಿದ್ದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವಳು. ಮಷಿನ್ ಎಂದರೆ ಅವಳಿಗೆ ಆಗದು. “ಅದೇನ ಅವಸರ ಅದಕ್ಕ, ಯಾರಾರ ಬೆನ್ನು ಹತ್ಯಾರೇನು?” ಎನ್ನುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ ಶ್ರೀದೇವಿ ಬಂದಳು. ಸಿದ್ದಾಪುರದ ಹುಡುಗಿ, ಬೆಂಗಳೂರಿನಲ್ಲಿ ವಿಶೇಷ ಚೀಲಗಳನ್ನು ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಇಂಜಿನಿಯರು. ತಯಾರಾದ ಮಾಲನ್ನು ಪರೀಕ್ಷೆ ಮಾಡುವುದು ಅವಳ ಕೆಲಸ. ಬಂದವಳೇ ನನ್ನ ಮಷಿನ್‌ಗಳ ಕಡೆ ತಿರುಗಿಯೂ ನೋಡದೆ ಸೀದಾ ಹೋಗಿ ಹುಲಿಗೆವ್ವನ ಮುಂದೆ ಕೂತು ಕೌದಿಯ ಮೇಲೆ ಕೈಯಾಡಿಸಿದಳು. ಇರುವೆ ಸಾಲಿನಂಥ ಹೊಲಿಗೆ, ಒಂದು ಎಳೆ ಸೊಟ್ಟಗಿಲ್ಲ. “ನಮ್ಮ ಅಜ್ಜಿ ಕೌದ್ಯಾಗ ಮಲಗೇ ದೊಡ್ಡಾಕಿ ಆಗೀನ್ರಿ ನಾನು. ನನಗ ಇದ ಕೈ ಬೇಕು” ಎಂದಳು.

ಯಾತಕ್ಕೆ ಎಂದು ಕೇಳಿದೆವು. ಅವಳು ಬೆರಳು ಮೇಲೆ ಮಾಡಿದಳು. ಭೂಮಿಯನ್ನು ಸುತ್ತುತ್ತಿರುವ ನಿಲ್ದಾಣವೊಂದಿದೆ, ಅದರಲ್ಲಿ ಮನುಷ್ಯರು ತಿಂಗಳುಗಟ್ಟಲೆ ಇದ್ದು ಕೆಲಸ ಮಾಡುತ್ತಾರೆ. ಅಲ್ಲಿ ಏನೂ ಬೆಳೆಯುವುದಿಲ್ಲ, ಏನೂ ಸಿಗುವುದಿಲ್ಲ. ಊಟ, ಬಟ್ಟೆ, ಔಷಧ, ಯಂತ್ರದ ಬಿಡಿಭಾಗ, ಎಲ್ಲವೂ ಇಲ್ಲಿಂದಲೇ ಹೋಗಬೇಕು. ಅದನ್ನು ಒಯ್ಯುವ ಗಾಡಿಗಳಲ್ಲಿ ಡ್ರೈವರ್ ಇರುವುದಿಲ್ಲ, ಸಾಮಾನು ಮಾತ್ರ. ಈಗೀಗ ಆ ಗಾಡಿಗಳನ್ನು ಓಡಿಸುವವರು ಖಾಸಗಿ ಕಂಪನಿಯವರು.

ನನ್ನ ಶೆಡ್ಡಿನಲ್ಲಿ ಮಷಿನ್ ಹೊಲಿಗೆ ಮಾಡುತ್ತಿದ್ದ ರೇಣವ್ವನ ಗಂಡ ಭತ್ತದ ಲಾರಿ ಓಡಿಸುವವನು. ಅವಳಿಗೆ ತಟ್ಟನೆ ಹೊಳೆಯಿತು. “ಅಂದ್ರ ಬಾಡಿಗಿ ಲಾರಿ ಅನ್ರಿ. ಮಾಲು ಒಬ್ಬರದು, ಗಾಡಿ ಇನ್ನೊಬ್ಬರದು.”

“ಹೂನ್ರಿ, ಅದನ!” ಎಂದು ಶ್ರೀದೇವಿ ಕುಣಿದೇಬಿಟ್ಟಳು. “ಆ ಲಾರ್ಯಾಗ ಮಾಲು ತುಂಬೋ ಚೀಲ ಹೊಲಿಬೇಕು ನೀವು.”

ಅಕ್ಕಿ ಗಿರಣಿಯ ನೆರಳಲ್ಲಿ ಬದುಕುವವರಿಗೆ ಚೀಲದ ಮಹತ್ವ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲಿಗೆ ಬಿಚ್ಚಿದರೆ ಮಾಲು ನೆಲಕ್ಕೆ. ಅಲ್ಲಿ ನೆಲವೂ ಇಲ್ಲ ಎಂದು ಶ್ರೀದೇವಿ ಹೇಳಿದಾಗ ಹುಲಿಗೆವ್ವ ಕೈಯಲ್ಲಿದ್ದ ಕೌದಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ, “ಬಟ್ಟಿ ತೋರಸು” ಎಂದಳು.

ಬೆಂಕಿ ಹತ್ತದ ಬಿಳಿ ಬಟ್ಟೆ, ಅದರದೇ ದಾರ, ಒಳಗೆ ಇಡಲು ಮೆತ್ತನೆಯ ಫೋಮು. ಚೀಲದ ಮೈಯನ್ನು ಮಷಿನ್ನಿನಲ್ಲೇ ಹೊಲಿಯಬಹುದು. ಆದರೆ ಫೋಮು ತುಂಬಿದ ಮೇಲೆ ಒಳಪದರದ ಮೂಲೆಯನ್ನು ಮುಚ್ಚುವುದಿತ್ತಲ್ಲ, ಅಲ್ಲಿಗೆ ಯಾವ ಮಷಿನ್ನೂ ತಲುಪುವುದಿಲ್ಲ. ಅದು ಕೈಯಲ್ಲೇ ಆಗಬೇಕು. ಎಳೆದರೂ ಜಗ್ಗಿದರೂ ಬಿಡಬಾರದು. ನಾವು ಹೊಲಿದ ಚೀಲ ಪರೀಕ್ಷೆಯಲ್ಲಿ ಪಾಸಾದರೆ ಅವೇ ಮೇಲಕ್ಕೆ ಹೋಗುತ್ತವೆ, ಇಲ್ಲದಿದ್ದರೆ ಆರ್ಡರು ಬೇರೆ ಊರಿನ ಪಾಲು. ಅಷ್ಟು ಕೇಳಿದ್ದೇ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹತ್ತು ವರ್ಷದಿಂದ ಚಡ್ಡಿ, ಅಂಗಿ, ಚಡ್ಡಿ, ಅಂಗಿ ಹೊಲಿದವಳು ನಾನು! ಅಂದು ಸಂಜೆ ಮನೆಗೆ ಹೋಗಿ ಅನ್ನಕ್ಕೆ ಇಟ್ಟು, ಒಲೆ ಹಚ್ಚಲು ಮರೆತು, ಯಜಮಾನರ ಮುಂದೆ ಆಕಾಶದ ಪಾಠ ಮಾಡುತ್ತಾ ಕೂತಿದ್ದೆ.

ಮಾರನೆಯ ವಾರದಿಂದ ಶೆಡ್ಡಿನ ಚಹರೆಯೇ ಬದಲಾಯಿತು. ನೆಲಕ್ಕೆ ಹೊಸ ಹಾಸು, ತಲೆಗೆ ಟೊಪ್ಪಿಗೆ, ಕೈಗೆ ಗವಸು. ಎಲೆ ಅಡಿಕೆ ಬಾಗಿಲಾಚೆ. ತಲೆಗೆ ಎಣ್ಣೆ ಹಚ್ಚಿ ಬರುವಂತಿಲ್ಲ. ಸಂಜೆ ಮನೆಗೆ ಹೋಗುವ ಮೊದಲು ಕೊಟ್ಟ ಸೂಜಿಗಳೆಲ್ಲ ವಾಪಸ್ ಬರಬೇಕು, ಮೊನೆ ಮುರಿದಿದ್ದರೆ ಮುರಿದ ಚೂರೂ ಸಿಗಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಒಂದೇ ಒಂದು. ಕೌದಿ ಹೊಲಿಯುವವರು ಸೂಜಿ ಬಿಗಿಯಾದರೆ ಅದನ್ನು ತಲೆಗೂದಲಿಗೆ ಒಮ್ಮೆ ತಿಕ್ಕಿ ಜಿಡ್ಡು ಮಾಡಿಕೊಳ್ಳುತ್ತಾರೆ. ಹುಟ್ಟಿನಿಂದ ಬಂದ ರೂಢಿ. ಈಗ ಕೈ ತಲೆಗೆ ಹೋದರೆ ಅಲ್ಲಿ ಟೊಪ್ಪಿಗೆ. ಇಡೀ ಶೆಡ್ಡಿನ ಹೆಂಗಸರು ಘಳಿಗೆಗೊಮ್ಮೆ ತಮ್ಮ ಟೊಪ್ಪಿಗೆ ತಿಕ್ಕಿಕೊಳ್ಳುವುದು, ಶ್ರೀದೇವಿ “ಬ್ಯಾಡ್ರೀ!” ಎಂದು ಕೂಗುವುದು, ಎಲ್ಲರೂ ಹೊಟ್ಟೆ ಹಿಡಿದು ನಗುವುದು. ಗಿರಣಿಯ ಹಮಾಲರು ಚಹಾ ಕುಡಿಯುವ ನೆವ ಮಾಡಿ ಬಂದು ಬಾಗಿಲಲ್ಲಿ ಇಣುಕಿ, “ಏನವ್ವಾ, ಎಲ್ಲಾರೂ ಡಾಕ್ಟರ್ ಆದ್ರಲ್ಲ” ಎಂದು ಕಾಲೆಳೆಯುತ್ತಿದ್ದರು.

“ನಿಮ್ಮ ಚೀಲ ಹೊಸಪ್ಯಾಟಿ ಮಟಾ ಹೋಗತಾವು. ನಮ್ಮವು ಎಲ್ಲಿಗೆ ಹೋಗತಾವ ಕೇಳ್ರಿ!” ಎನ್ನುವಳು ರೇಣವ್ವ.

ಮೊದಲ ಕಂತು ಮುಗಿಯುವ ಹೊತ್ತಿಗೆ ಮೋಡ ದಟ್ಟವಾಗಿ ಗದ್ದೆಗಳಲ್ಲಿ ನೀರು ನಿಂತಿತ್ತು. ಮೂಲೆಗಳನ್ನೆಲ್ಲ ಹುಲಿಗೆವ್ವನೇ ಮುಚ್ಚಿದ್ದಳು. ಶ್ರೀದೇವಿ ಬಂದು ಒಂದೊಂದೇ ಚೀಲ ತಿರುವಿ, ಜಗ್ಗಿ, ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಅರಳುತ್ತಾ ಹೋಯಿತು. ನನ್ನದಂತೂ ಕೇಳಬೇಡಿ. ಆಮೇಲೆ ಅವಳ ಹೆಬ್ಬೆರಳು ಒಂದು ಮೂಲೆಯಲ್ಲಿ ನಿಂತಿತು. ಒತ್ತಿದಳು, ಮತ್ತೆ ಒತ್ತಿದಳು. ಇನ್ನೊಂದು ಚೀಲದ ಅದೇ ಮೂಲೆ ಒತ್ತಿದಳು. ಬ್ಲೇಡು ತೆಗೆದು ಹೊಲಿಗೆ ಬಿಚ್ಚಿ, ಚೀಲವನ್ನು ಅಂಗೈ ಮೇಲೆ ಕೊಡವಿದಳು.

ನಾಲ್ಕು ಕಾಳು ಅಕ್ಕಿ ಬಿದ್ದವು.

ಇನ್ನೊಂದು ಬಿಚ್ಚಿದಳು, ಅಕ್ಕಿ. ಮತ್ತೊಂದು, ಅಕ್ಕಿ. ಎಲ್ಲರೂ ಹುಲಿಗೆವ್ವನ ಕಡೆ ತಿರುಗಿದೆವು. ಅವಳು ಮಾತ್ರ ನೀವೇಕೆ ಹೀಗೆ ನೋಡುತ್ತೀರಿ ಎಂಬಂತೆ ಕೂತಿದ್ದಳು.

ವಿಷಯ ಇಷ್ಟೇ. ಕೌದಿ ಹೊಲಿಯುವವರಲ್ಲಿ ಒಂದು ಪದ್ಧತಿ ಇದೆ. ಕೊನೆಯ ಹೊಲಿಗೆ ಹಾಕಿ ಬಾಯಿ ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಅಕ್ಕಿ ಇಡಬೇಕು. ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. ಕೌದಿ ಖಾಲಿ ಹೊಟ್ಟೆಯಲ್ಲಿ ಮನೆ ಬಿಟ್ಟು ಹೋದರೆ, ಅದನ್ನು ಹೊದ್ದವರೂ ಹಸಿದೇ ಮಲಗುತ್ತಾರೆಂಬ ನಂಬಿಕೆ. ಎಲೆ ಅಡಿಕೆಯ ಚೀಲವನ್ನು ಬಾಗಿಲಲ್ಲಿ ಬಿಡಿಸಿದ್ದೆವು. ಆದರೆ ಸೆರಗಿನ ಗಂಟನ್ನು ಯಾರು ನೋಡುತ್ತಾರೆ? ಅದರಲ್ಲಿ ದಿನಾ ಒಂದು ಹಿಡಿ ಅಕ್ಕಿ ತರುತ್ತಿದ್ದಳು ಮಹಾತಾಯಿ.

“ಅವ್ವಾರ, ಅಲ್ಲಿ ಕಾಳು ಕೆಳಗ ಬೀಳಂಗಿಲ್ಲ” ಎಂದಳು ಶ್ರೀದೇವಿ, ಅಳು ತಡೆದುಕೊಂಡು. “ಹೊಲಿಗ್ಯಾಗಿಂದ ಒಂದು ಕಾಳು ಜಾರಿದ್ರ ಗಾಳ್ಯಾಗ ತೇಲತೈತಿ. ಯಾರದಾರ ಕಣ್ಣಾಗ ಹೊಕ್ಕೀತು. ಯಂತ್ರದಾಗ ಸಿಕ್ಕೀತು. ಜೀವದ ಪ್ರಶ್ನೆ ಐತ್ರಿ ಅದು.”

“ತೆಗದು ಮತ್ತ ಹೊಲದ್ರಾತಲ್ಲ?” ಎಂದೆ ನಾನು.

ಆಗುವುದಿಲ್ಲವಂತೆ. ಒಮ್ಮೆ ಬಿಚ್ಚಿದ ಹೊಲಿಗೆಯ ಮೇಲೆ ಮತ್ತೆ ಸೂಜಿ ಆಡಿಸಿದರೆ ಬಟ್ಟೆಯ ಬಲ ಹೋಗುತ್ತದೆ, ನಿಯಮ ಒಪ್ಪುವುದಿಲ್ಲ. ಇಡೀ ಕಂತು ರದ್ದು. ಶ್ರೀದೇವಿ ಕೊಡೆಯಿಲ್ಲದೆ ಕಾಲುವೆಯ ಕಡೆ ಹೋಗಿ, ಮಳೆಯಲ್ಲಿ ನಿಂತು ತನ್ನ ಮೇಲಿನವರ ಜೊತೆ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದಳು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಹುಲಿಗೆವ್ವ ನೆಲದಲ್ಲಿ ಬಿದ್ದಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ, ಚಿಂದಿಯೊಂದರಲ್ಲಿ ಸಣ್ಣ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರಿಗೂ ಹೇಳದೆ ಎದ್ದು ಹೋದಳು.

ಶ್ರೀದೇವಿ ತೊಯ್ದು ತೊಪ್ಪೆಯಾಗಿ ಒಳಗೆ ಬಂದಳು. ಉಳಿದ ಬಟ್ಟೆಯಲ್ಲಿ ಇನ್ನೊಂದು ಕಂತು ಆಗುತ್ತದೆ, ತಿಂಗಳ ಕೊನೆಗೆ ಬೆಂಗಳೂರು ಮುಟ್ಟಬೇಕು, ಇದೇ ಕಡೆಯ ಅವಕಾಶ. ನನಗೆ ಕುಣಿಯಬೇಕೆನ್ನಿಸಿತು. ಆದರೆ ಅಷ್ಟರಲ್ಲಿ ನಾಟಿ ಹತ್ತಿತ್ತು. ನಾಟಿ ಎಂದರೆ ನಮ್ಮ ಕಡೆ ಹೆಂಗಸರಿಗೆ ಎಲ್ಲಿಲ್ಲದ ಬೇಡಿಕೆ. ಮುಂಜಾನೆಯೇ ಟಾಟಾ ಏಸ್ ತುಂಬಿಕೊಂಡು ಹೋಗಿಬಿಡುತ್ತಾರೆ. ಶ್ರೀದೇವಿ ಒಳಗೆ ಬರುವ ಮೊದಲೇ ಮನೆಗೆ ಹೋಗಿದ್ದ ನಮ್ಮವರೂ ಕೆಲಸ ಕೆಟ್ಟಿತೆಂದು ತಿಳಿದು ಮರುದಿನವೇ ಗದ್ದೆಗೆ ಇಳಿದಿದ್ದರು.

ನಾನೂ ರೇಣವ್ವನೂ ಟಂಟಂ ಆಟೋ ಹತ್ತಿ ಸಿದ್ದಾಪುರದ ದಾರಿಯುದ್ದಕ್ಕೂ ಬದು ಬದು ತಿರುಗಿದೆವು. ಕಣ್ಣು ಹರಿಯುವವರೆಗೆ ನೀರು, ನೀರಲ್ಲಿ ಮೋಡ, ಮೋಡದ ಮೇಲೆ ಬಾಗಿದ ಹೆಂಗಸರ ಸಾಲು. “ಬರ್ರೇ ಯವ್ವಾ! ಇನ್ನೊಂದು ಅವಕಾಶ ಕೊಟ್ಟಾರ!” ಎಂದು ಬದುವಿನ ಮೇಲೆ ನಿಂತು ಗಂಟಲು ಹರಿದುಕೊಂಡೆ. ಸೀರೆ ಮೇಲಕ್ಕೆ ಕಟ್ಟಿ ಕೆಸರಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. “ನಾಟಿ ಮುಂದಿನ ವರ್ಷನೂ ಇರತೈತಿ ತಗೋ” ಎಂದು ಒಬ್ಬಳು ಮೇಲೆ ಬಂದಳು. ಹಿಂದೆ ಇನ್ನೊಬ್ಬಳು. ಸಂಜೆಯ ಹೊತ್ತಿಗೆ ಎಲ್ಲರೂ ಒಪ್ಪಿದ್ದರು.

ಒಪ್ಪದವಳು ಹುಲಿಗೆವ್ವ ಒಬ್ಬಳೇ. ಅವಳಿಲ್ಲದೆ ಮೂಲೆ ಮುಚ್ಚುವುದು ಯಾರಿಂದಲೂ ಆಗದು. ರೇಣವ್ವ ಮುಚ್ಚಿದ ಮೂಲೆ ಒಂದೇ ಎಳೆತಕ್ಕೆ ಬಾಯಿ ಬಿಟ್ಟಿತ್ತು. ಶ್ರೀದೇವಿಯನ್ನು ಕರೆದುಕೊಂಡು ಹುಲಿಗೆವ್ವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಮುಖ ಎತ್ತಲಿಲ್ಲ.

“ಖಾಲಿ ಹೊಟ್ಟೀಲೆ ಹೊಲದು ಕೊಡಂಗಿಲ್ಲ ನಾನು. ನಮ್ಮವ್ವ ಕಲಿಸಿಲ್ಲ” ಎಂದಳು. “ಅಷ್ಟು ದೂರ ಹೋಗತೈತಿ ಅಂತೀರಿ. ಹಸಗೊಂಡು ಹೋಗಬೇಕೇನು ಅದು?”

ನಾನು ಏನೋ ಹೇಳಲು ಹೋದೆ. ಶ್ರೀದೇವಿ ನನ್ನ ಕೈ ಹಿಡಿದು ಸುಮ್ಮನಾಗಿಸಿದಳು. ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತು, ತಾನೂ ನಾಲ್ಕು ಮೆಣಸಿನಕಾಯಿಯ ತೊಟ್ಟು ಮುರಿದು, ಆಮೇಲೆ ಫೋನಿನಲ್ಲಿ ಒಂದು ವಿಡಿಯೋ ಹಚ್ಚಿದಳು. ಮೇಲಿನ ನಿಲ್ದಾಣದಲ್ಲಿ ಒಬ್ಬಾಕೆ, ಕೂದಲು ಚೆದುರಿ ನಿಂತಿವೆ, ಬಿಳಿ ಚೀಲವೊಂದರ ಜಿಪ್ ಎಳೆಯುತ್ತಾಳೆ. ಒಳಗಿಂದ ಪೊಟ್ಟಣಗಳು ಒಂದರ ಹಿಂದೊಂದು ಮೆಲ್ಲಗೆ ತೇಲಿ ಹೊರಗೆ ಬರುತ್ತವೆ.

“ಏನವು?” ಎಂದಳು ಹುಲಿಗೆವ್ವ.

“ಊಟರಿ ಅವ್ವಾರ. ನೀವು ಹೊಲಿಯೋ ಚೀಲದಾಗ ಊಟದ ಪೊಟ್ಟಣ ತುಂಬತಾರ. ಅದರ ಹೊಟ್ಟಿ ತುಂಬೋರು ಬ್ಯಾರೆ ಅದಾರ.”

ಹುಲಿಗೆವ್ವ ಆ ವಿಡಿಯೋ ಮತ್ತೊಮ್ಮೆ ಹಚ್ಚಿಸಿಕೊಂಡು ನೋಡಿದಳು. ಅವಳ ಮುಖ ಸಡಿಲವಾಯಿತು. ನಾನು ಗೆದ್ದೆವು ಅಂದುಕೊಂಡೆ. ಆದರೆ ಅವಳು ಅಷ್ಟಕ್ಕೇ ಬಿಡುವವಳೇ?

“ಹೋಗಾಗ ತುಂಬಿರತೈತಿ, ಖರೆ. ಅವರು ಉಂಡು ಮುಗಿಸಿದ ಮ್ಯಾಲೆ? ಅಲ್ಲಿಂದ ಹೊರಡಾಗ ಖಾಲಿ ಹೊಟ್ಟೀಲೆ ಕಳಿಸಿ ಕೊಡತಾರೇನು?”

ಶ್ರೀದೇವಿ ಸುಳ್ಳು ಹೇಳಲಿಲ್ಲ. “ನನಗ ಗೊತ್ತಿಲ್ರಿ. ಕೆಲವು ಚೀಲ ಅಲ್ಲೇ ಇಟ್ಟಗೋತಾರ, ಕೆಲವು ಗಾಡ್ಯಾಗ ವಾಪಸ್ ಹಾಕತಾರ. ಹೆಂಗ ಹೋದವು ಅಂತ ತಿಳಕೊಂಡು ನಿಮಗ ಹೇಳತೀನಿ.”

“ಇದ್ದದ್ದು ಇದ್ದಂಗ ಹೇಳಬೇಕು” ಎಂದು ಹುಲಿಗೆವ್ವ ಅವಳಿಂದಲೂ ನನ್ನಿಂದಲೂ ಮಾತು ತೆಗೆದುಕೊಂಡಳು. ಸೊಂಟದ ಆ ಚಿಂದಿ ಗಂಟನ್ನು ಮುಟ್ಟಿ ತೋರಿಸಿದಳು. “ಇವು ಚೀಲದ ಪಾಲಿನ ಕಾಳು. ನೀವು ಬಂದು ಹೇಳೋ ಮಟಾ ನನ್ನ ಹತ್ರ ಇರತಾವ.”

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಮಳೆಗೆ ಕರೆಂಟು ಹೋಗಿ ಹೋಗಿ ಬರುತ್ತಿತ್ತು. ಕರೆಂಟಿದ್ದಾಗ ಮಷಿನ್‌ಗಳ ಗಡಗಡ. ಹೋದರೆ ಬಾಗಿಲು ಕಿಟಕಿ ಪೂರ್ತಿ ತೆರೆದು, ಬೆಳಕು ಇರುವ ಕಡೆ ಸಾಲಾಗಿ ಕೂತು ಕೈಹೊಲಿಗೆ. ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಆದರೂ ರೇಣವ್ವನ ಬಾಯಿಗೆ ಬಿಡುವಿಲ್ಲ. ಹುಲಿಗೆವ್ವ ಬಾಗಿಲಲ್ಲಿ ತಾನಾಗಿಯೇ ಸೆರಗು ಬಿಚ್ಚಿ ಕೊಡವಿ ತೋರಿಸಿ ಒಳಗೆ ಬರುವಳು. ಒಂದೊಂದು ಮೂಲೆ ಮುಚ್ಚುವಾಗಲೂ ಅವಳ ಕೈ ಒಂದು ಕ್ಷಣ ಸೆರಗಿನ ಕಡೆ ಹೋಗಿ ನಿಲ್ಲುತ್ತಿತ್ತು. ಆಮೇಲೆ ಅವಳು ಚೀಲಕ್ಕೆ ಏನನ್ನೋ ಮೆಲ್ಲಗೆ ಹೇಳಿ ಹೊಲಿಗೆ ಮುಂದುವರಿಸುವಳು. ಏನು ಹೇಳುತ್ತಿದ್ದಳೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಬೈಯುತ್ತಿದ್ದಳು.

ಕೊನೆಯ ಚೀಲ ಪೆಟ್ಟಿಗೆ ಸೇರಿದಾಗ ಕುಂಕುಮ ಹಚ್ಚಬೇಕೆಂದು ಎಲ್ಲರ ಹಟ. ಶ್ರೀದೇವಿ ಎರಡೂ ಕೈ ಅಡ್ಡ ಹಿಡಿದು ಪೆಟ್ಟಿಗೆಯ ಮುಂದೆ ನಿಂತಳು. ಕಡೆಗೆ ಟೆಂಪೋದ ಬಂಪರಿಗೆ ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ಮೆಟ್ಟಿಲಿಗೆ ಕಾಯಿ. ಅಷ್ಟಕ್ಕೆ ರಾಜಿಯಾಯಿತು. ಟೆಂಪೋ ಕಾಲುವೆಯ ಸೇತುವೆ ದಾಟಿ ಮರೆಯಾಗುವವರೆಗೆ ಎಲ್ಲರೂ ಮಳೆಯಲ್ಲೇ ನಿಂತಿದ್ದೆವು.

ಭತ್ತ ಹಾಲು ತುಂಬುವಾಗ ಶ್ರೀದೇವಿಯ ಫೋನ್ ಬಂತು. ಹೆಲೋ ಇಲ್ಲ, ಏನಿಲ್ಲ, “ಪಾಸ್ ಆದ್ವು ಅಕ್ಕಾರ!” ಎಂದು ಚೀರಿದಳು. ಜಗ್ಗಿದ್ದಾರಂತೆ, ಅಲುಗಾಡಿಸಿದ್ದಾರಂತೆ, ಬೆಂಕಿ ತೋರಿಸಿದ್ದಾರಂತೆ. ಒಂದೇ ಒಂದು ಮೂಲೆ ಬಿಟ್ಟಿಲ್ಲ. ನಾನು ಶೆಡ್ಡಿನಿಂದ ರಸ್ತೆಗೆ ಓಡಿ ಬಂದು ಗಿರಣಿಯ ಹಮಾಲರಿಗೆಲ್ಲ ಕೂಗಿ ಹೇಳಿದೆ. ಮಂಡಾಳು, ಮಿರ್ಚಿ ತರಿಸಿ ಅವರಿಗೂ ಹಂಚಿದೆವು. ಅವತ್ತಿನಿಂದ ಅವರು ನಮ್ಮ ಕಾಲೆಳೆಯುವುದನ್ನು ಬಿಟ್ಟರು. ಬಿಟ್ಟರು ಎಂದರೆ ಒಂದು ವಾರ ಬಿಟ್ಟರು.

ರಾಕೆಟ್ ಹಾರಿದ್ದು ಬೇಸಿಗೆಯ ಬೆಳೆ ಕೊಯ್ಲಿಗೆ ಬಂದಾಗ. ಮೊದಲ ಸಲ ಎಲ್ಲರೂ ಇಳಕಲ್ ಸೀರೆ ಉಟ್ಟು, ಹೂವು ಮುಡಿದು ಬಂದು ಗಿರಣಿಯ ಆಫೀಸಿನ ದೊಡ್ಡ ಟಿವಿಯ ಮುಂದೆ ಕೂತೆವು. ರಾಕೆಟ್ ಹಾರಿಸುವಲ್ಲಿ ಮೋಡ, ಇವತ್ತಿಲ್ಲ ಎಂದರು. ಮತ್ತೆ ಉಟ್ಟು ಬಂದೆವು. ಗಾಳಿ ಜೋರು, ಇವತ್ತೂ ಇಲ್ಲ. “ಅವರಿಗೇನು, ಸೀರಿ ಇಸ್ತ್ರಿ ಮಾಡೋರು ನಾವು” ಎಂದು ರೇಣವ್ವ ಗೊಣಗಿದಳು. ಮೂರನೆಯ ಸಲ ಯಾರೂ ಹೊಸ ಸೀರೆ ಉಡಲಿಲ್ಲ. ಕೊಯ್ಲಿನ ಧೂಳು ಮೆತ್ತಿದ ಮೈಯಲ್ಲೇ ಓಡಿ ಬಂದರು. ಟಿವಿಯಲ್ಲಿ ಅಂಕಿಗಳು ಹಿಂದಕ್ಕೆ ಇಳಿಯತೊಡಗಿದವು. ರೇಣವ್ವ ಕನ್ನಡದಲ್ಲಿ ಕೂಗಿ ಕೂಗಿ ಎಣಿಸಿದಳು. ನಾಕು, ಮೂರು, ಎರಡು...

“ಲಾಭ!” ಎಂದಳು ಹುಲಿಗೆವ್ವ.

ರಾಶಿ ಅಳೆಯುವಾಗ ನಮ್ಮಲ್ಲಿ ಮೊದಲ ಅಳತೆಯನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಅವಳ ಬಾಯಿಗೆ ಅದೇ ಬಂತು. ಆ ಮಾತಿಗೇ ಕಾದಿದ್ದ ಹಾಗೆ ಬೆಂಕಿ ಹತ್ತಿ ರಾಕೆಟ್ ಎದ್ದಿತು. ನಾವೆಲ್ಲ ಕೂಗಿದ ಕೂಗಿಗೆ ಗಿರಣಿಯವರು ಏನೋ ಅನಾಹುತವಾಯಿತೆಂದು ಒಳಗೆ ಓಡಿ ಬಂದರು. ನನಗೆ ಅಳು ನಗು ಎರಡೂ ಒಟ್ಟಿಗೆ ಬಂದು ಯಾವುದನ್ನೂ ತಡೆಯಲಾಗಲಿಲ್ಲ. ಯೂನಿಫಾರ್ಮ್ ಹೊಲಿದ ನನ್ನ ಕೈ, ಕೌದಿ ಹೊಲಿದ ಅವಳ ಕೈ, ಆ ಬೆಂಕಿಯ ತುದಿಯಲ್ಲಿ ಕೂತು ಮೇಲಕ್ಕೆ ಹೋಗುತ್ತಿದ್ದವು.

ಮುಂದೆ ಗಾಡಿ ನಿಲ್ದಾಣ ಮುಟ್ಟಿದ ದಿನವೂ ನೋಡಿದೆವು. ನಿಲ್ದಾಣದಿಂದ ಉದ್ದನೆಯ ಕೈಯೊಂದು ಚಾಚಿ ಬಂದು ಗಾಡಿಯನ್ನು ಹಿಡಿಯಿತು, ಹಮಾಲರು ಚೀಲಕ್ಕೆ ಕೊಕ್ಕೆ ಹಾಕಿ ಹಿಡಿಯುವ ಹಾಗೆ. ಕೆಲವು ದಿನಕ್ಕೆ ಶ್ರೀದೇವಿ ಒಂದು ವಿಡಿಯೋ ಕಳಿಸಿದಳು. ಮೇಲಿನವರು ಗಾಡಿಯ ಬಾಗಿಲು ತೆರೆದು ಬಿಳಿ ಚೀಲಗಳನ್ನು ಒಂದೊಂದಾಗಿ ತೇಲಿಸಿ ಒಳಗೆ ತರುತ್ತಿದ್ದಾರೆ. ಅದರಲ್ಲಿ ನಮ್ಮವು ಯಾವುವು, ಬೇರೆಯವರವು ಯಾವುವು, ಯಾರಿಗೆ ತಿಳಿಯಬೇಕು? ಆದರೆ ನಮ್ಮ ಶೆಡ್ಡಿನಲ್ಲಿ ಅನುಮಾನವೇ ಇರಲಿಲ್ಲ. “ಅದು ನಂದು!” “ಹುಚ್ಚಿ, ನಿಂದಲ್ಲ, ನಂದದು!” “ಪಟ್ಟಿ ನೋಡು, ನಾ ಹಚ್ಚಿದ್ದು!” ಎಂದು ಫೋನಿಗೇ ಜಗಳ ಹತ್ತಿತು. ಹುಲಿಗೆ‍ವ್ವ ಮಾತ್ರ, “ಮೂಲಿ ಎಲ್ಲಾ ನಂದ ಅದಾವ, ಸುಮ್ನಿರ್ರಿ” ಎಂದು ತೀರ್ಪು ಕೊಟ್ಟಳು.

ಮತ್ತೆ ಕಾಲುವೆಗೆ ನೀರು ಬಿಟ್ಟರು. ಮತ್ತೆ ನಾಟಿ ಹತ್ತಿತು. ಒಂದು ಮುಂಜಾನೆ ಶ್ರೀದೇವಿಯ ಫೋನ್. ಈ ಸಲ ಚೀರಲಿಲ್ಲ. “ಅಕ್ಕಾರ, ಗಾಡಿ ನಿಲ್ದಾಣ ಬಿಟ್ಟು ಬಂದೈತ್ರಿ. ಅದು ಕೆಳಗಿಳಿಯೋ ಗಾಡಿ ಅಲ್ಲ. ಸಮುದ್ರದ ಮ್ಯಾಲೆ, ಗಾಳ್ಯಾಗ ಸುಟ್ಟು ಹೋತು. ನಮ್ಮ ಚೀಲಾನೂ ಅದರಾಗ ಇದ್ದವು. ಬಾಗಿಲಾ ಹಾಕೋ ಮುಂಚೆ ತಗದ ಫೋಟೋ ಕಳಿಸೀನಿ. ಅವ್ವಾರಿಗೆ ತೋರಸ್ರಿ.” ಬೆಂಕಿ ಹತ್ತದ ಬಟ್ಟೆಯೂ ಆ ಕಾವಿಗೆ ಉಳಿಯುವುದಿಲ್ಲವಂತೆ.

ಫೋಟೋವನ್ನು ಹಿಗ್ಗಿಸಿ ಒಂದೊಂದೇ ಮೂಲೆ ನೋಡಿದೆ. ಅಷ್ಟು ಅಚ್ಚುಕಟ್ಟಾದ ಹೊಲಿಗೆ, ಬೂದಿ ಕೂಡ ಉಳಿಯಲಿಲ್ಲ. ಇದನ್ನು ಆ ಮುದುಕಿಗೆ ಹೇಗೆ ಹೇಳುವುದು? ಆದರೆ ಮಾತು ಕೊಟ್ಟಾಗಿತ್ತು. ಟಂಟಂ ಹತ್ತಿ ಅವಳು ನಾಟಿಗೆ ಹೋಗಿದ್ದ ಗದ್ದೆಗೆ ಹೋದೆ. ಬದುವಿನ ಮೇಲೆ ನಿಂತು ಕೂಗಿದೆ. ಹುಲಿಗೆವ್ವ ಸಾಲು ಬಿಟ್ಟು, ಕೈಯ ಕೆಸರನ್ನು ಕಾಲುವೆ ನೀರಲ್ಲಿ ತೊಳೆದು ಬಂದಳು. ಫೋನು ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡೇ ಬಗ್ಗಿ ನೋಡಿದಳು.

ಗಾಡಿಯ ತುಂಬ ಚೀಲಗಳು. ಒಂದೊಂದೂ ಉಬ್ಬಿ, ಪಟ್ಟಿಗಳು ಬಿಗಿದು, ಜಿಪ್ ಕಷ್ಟದಿಂದ ಮುಚ್ಚಿಕೊಂಡಿದ್ದವು.

“ಇದರಾಗ ಏನೈತಿ?”

“ಅವರು ತೊಟ್ಟು ಬಿಟ್ಟ ಅಂಗಿ, ತಿಂದ ಪೊಟ್ಟಣ, ಹಳೇ ಸಾಮಾನು. ಬರೇ ಕಸ ಬೇ.” ಉಳಿದದ್ದನ್ನೂ ಹೇಳಿಬಿಟ್ಟೆ. “ಎಲ್ಲಾ ಸುಟ್ಟು ಹೋದ್ವು. ಆಕಾಶದಾಗ ಚುಕ್ಕಿ ಉರುಳಿದಂಗ.”

ಅವಳು ಬಹಳ ಹೊತ್ತು ಫೋಟೋ ನೋಡಿದಳು. “ಮೂಲಿ ಬಿಚ್ಚಿದ್ವೇನು?”

“ಒಂದೂ ಇಲ್ಲ.”

“ಒಂದಾರ ಖಾಲಿ ಹೋತೇನು?”

“ಒಂದೂ ಇಲ್ಲ. ಜಿಪ್ ಹತ್ತಲಾರದಷ್ಟು ತುಂಬ್ಯಾರ ನೋಡಬೇ.”

ಹುಲಿಗೆವ್ವ ನೆಟ್ಟಗೆ ನಿಂತಳು. ಆ ಮುಖದ ಬೆಳಕನ್ನು ನಾನು ರಾಕೆಟ್ ಹಾರಿದ ದಿನವೂ ಕಂಡಿರಲಿಲ್ಲ. ಗದ್ದೆಯ ಕಡೆ ತಿರುಗಿ ಕೂಗಿದಳು. “ಏ ರೇಣವ್ವಾ! ಕೇಳ್ರೇ! ಖಾಲಿ ಹೊಟ್ಟೀಲೆ ಕಳಿಸಿಲ್ಲಂತವ್ವಾ! ತುಂಬಿಸಿ, ಕಟ್ಟಿ ಕಳಿಸ್ಯಾರಂತ!” ಸಾಲಿಗೆ ಸಾಲೇ ಸೊಂಟ ನೆಟ್ಟಗೆ ಮಾಡಿ ಹೋ ಎಂದು ಕೂಗಿತು. ಪಕ್ಕದ ಗದ್ದೆಯವರು ಏನು ಎತ್ತ ತಿಳಿಯದೆ ತಾವೂ ಕೂಗಿದರು.

ಅವಳು ಸೊಂಟದಿಂದ ಚಿಂದಿ ಗಂಟು ತೆಗೆದಳು. ವರ್ಷವಿಡೀ ಸೀರೆಯಿಂದ ಸೀರೆಗೆ ದಾಟಿಸಿಕೊಂಡು ಬಂದದ್ದು. ಹಲ್ಲಿನಿಂದ ಬಿಚ್ಚಿ, ಒಂದಷ್ಟು ಕಾಳು ತನ್ನ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ನನ್ನ ಅಂಗೈಗೆ ಸುರಿದಳು. ನಾನು ಅಕ್ಕಿಯನ್ನೇ ನೋಡುತ್ತಾ ನಿಂತೆ.

“ತಿನ್ನಬೇ” ಎಂದಳು ಹುಲಿಗೆವ್ವ, ಅಗಿಯುತ್ತಾ. “ಅವು ಉಂಡು ಹೋದ್ವು. ಇನ್ನ ನಾವು ಉಣ್ಣೋಣು.”